ಐವತ್ತೊಂದನೆಯ ಡಬ್ಬ

ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ನನ್ನ ಮೊಂಡ ತಮ್ಮನಿಗೆ,

ಅಕ್ಕ ಬರೆಯುತ್ತಿದ್ದೇನೆ. ಹರಿದು ಹಾಕಬೇಡ, ಓದು. ಹಿಂದೆ ಬರೆದ ಎರಡು ಪತ್ರಗಳೂ ಒಡೆಯದೆ ಹಾಗೇ ವಾಪಸು ಬಂದವು. ಈಗಲೂ ಬೀರುವಿನಲ್ಲಿ ಬಟ್ಟೆಗಳ ಅಡಿಯಲ್ಲಿ ಇವೆ. ಎರಡರಲ್ಲೂ ನಾನು ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದಿದ್ದೆ. ನೀನು ಒಡೆಯದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಅದಕ್ಕೇ ಈ ಸಲ ಲಕೋಟೆಯ ಮೇಲೆ, ನಿನ್ನ ವಿಳಾಸದ ಕೆಳಗೆ, ಕೆಂಪು ಶಾಯಿಯಲ್ಲಿ "ತಪ್ಪು ನನ್ನದು" ಎಂದು ದಪ್ಪಗೆ ಬರೆದಿದ್ದೇನೆ. ಅಂಚೆಯವನು ಓದಿಕೊಂಡು ನಗುವುದಾದರೆ ನಗಲಿ. ವಿಳಾಸ ಕೊಟ್ಟಿದ್ದಕ್ಕೆ ನಿನ್ನ ಹೆಂಡತಿ, ನನ್ನ ನಾದಿನಿಯ ಮೇಲೆ ರೇಗಬೇಡ. ವರ್ಷಕ್ಕೊಂದು ಸಾಲು ಬರೆಯುತ್ತಾಳೆ ಪಾಪ, ಅದೂ ನಿನಗೆ ಕಾಣದ ಹಾಗೆ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನೀನು ಎಣ್ಣೆ ಕದ್ದಿಲ್ಲ. ನಿನಗೆ ಅದು ಇಪ್ಪತ್ತೆರಡು ವರ್ಷದಿಂದ ಗೊತ್ತು. ನನಗೆ ಗೊತ್ತಾಗಿದ್ದು ಮೊನ್ನೆ ಬುಧವಾರ.

ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ತಪ್ಪು ಎಲ್ಲಿ ಅಡಗಿ ಕೂತಿತ್ತು ಎನ್ನುವುದು ನಿನಗೂ ಗೊತ್ತಿಲ್ಲವಲ್ಲ.

ಸಾಬೂನು ಕಾರ್ಖಾನೆಯ ಆ ಹಳೇ ಎಣ್ಣೆ ಟ್ಯಾಂಕ್ ನೆನಪಿಸಿಕೋ. ಮೇಲೆ ಡ್ರಮ್ಮಿನ ಹಾಗೆ ನೆಟ್ಟಗೆ, ಕೆಳಗೆ ಲಾಳಿಕೆಯ ಹಾಗೆ ಚೂಪು, ಚೂಪಿನ ತುದಿಯಲ್ಲಿ ನಲ್ಲಿ. ಉಗ್ರಾಣ ನನ್ನ ಕೈಗೆ ಬಂದಾಗ ಅದರಲ್ಲಿ ಎಷ್ಟಿದೆ ಎಂದು ಯಾರೂ ಅಳೆಯುತ್ತಿರಲಿಲ್ಲ, ಎಲ್ಲ ಕಣ್ಣಂದಾಜು. ನಾನು ಬಿದಿರಿನ ಕೋಲೊಂದಕ್ಕೆ ಕಚ್ಚು ಹಾಕಿ ಅಳತೆಗೋಲು ಮಾಡಿದೆ. ಮೇಲಿನ ಡ್ರಮ್ಮಿನ ಭಾಗದ ಕಚ್ಚುಗಳಲ್ಲಿ ತಪ್ಪಿರಲಿಲ್ಲ. ಐದು ಲೀಟರಿನ ಡಬ್ಬಗಳನ್ನು ಎಣಿಸಿ ಎಣಿಸಿ ಸುರಿದು ನೋಡಿದ್ದೆ, ಅಡಿಗೆ ಸರಿಯಾಗಿ ನೂರು ಡಬ್ಬ. ಕೆಳಗಿನ ಮೂರು ಅಡಿ ಚೂಪನ್ನು ಮಾತ್ರ ಅಳೆದು ನೋಡಲು ಆಗಿರಲಿಲ್ಲ. ಟ್ಯಾಂಕ್ ಅಷ್ಟು ಕೆಳಕ್ಕೆ ಇಳಿಯುತ್ತಲೇ ಇರಲಿಲ್ಲವಲ್ಲ, ಅಷ್ಟರಲ್ಲಿ ಮತ್ತೆ ತುಂಬಿಸುತ್ತಿದ್ದರು. ಹಾಗಾಗಿ ಕೂತು ಯೋಚನೆ ಮಾಡಿದೆ. ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ಮೂರು ಮೂಲೆಯ ಅರ್ಧ ಬಟ್ಟೆ ಸಿಗುತ್ತದೆ. ಚೂಪನ್ನು ಪಕ್ಕದಿಂದ ನೋಡಿದರೂ ಮೂರು ಮೂಲೆ. ಡ್ರಮ್ಮಿನ ಮೂರು ಅಡಿಗೆ ಮುನ್ನೂರು ಡಬ್ಬ, ಹಾಗಾದರೆ ಚೂಪಿಗೆ ಅದರ ಅರ್ಧ, ನೂರೈವತ್ತು. ಯಜಮಾನರು ಬೆನ್ನು ತಟ್ಟಿ, ನಾಲ್ಕನೇ ಕ್ಲಾಸಿನವಳು ನಮ್ಮ ಕಾರ್ಖಾನೆಗೆ ಇಂಜಿನಿಯರ್ ಆದಳು ಎಂದಿದ್ದರು. ಆ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿಕೊಂಡಿದ್ದೆ ನಿನಗೆ ಗೊತ್ತು. ನಿನಗೇ ಹತ್ತು ಸಲ ಹೇಳಿರಬೇಕು.

ಆಮೇಲೆ ಹೊಸ ಟ್ಯಾಂಕ್ ಬಂತು, ಹಳೆಯದನ್ನು ಬರಿದು ಮಾಡಬೇಕಾಯಿತು. ಆ ಶನಿವಾರ ಯಜಮಾನರ ಎದುರಿಗೇ ಕೋಲು ಇಳಿಸಿದೆ. ಎಣ್ಣೆ ಡ್ರಮ್ಮು ಮುಗಿದು ಚೂಪು ಶುರುವಾಗುವ ಬೆಸುಗೆಯ ಗೆರೆಗೇ ನಿಂತಿತ್ತು. "ನೂರೈವತ್ತು ಡಬ್ಬ" ಎಂದೆ. ಅವರು ತಲೆಯಾಡಿಸಿ ಮನೆಗೆ ಹೋದರು. ನಾನು ಬೀಗ ಹಾಕಿ ಕೀಲಿಕೈ ನಿನಗೆ ಕೊಟ್ಟೆ. ಸೋಮವಾರ ನೀನು ನಲ್ಲಿಯ ಕೆಳಗೆ ಕೂತು ಡಬ್ಬ ತುಂಬಿದೆ. ತೊಂಬತ್ತೊಂಬತ್ತನೆಯದು ತುಂಬಿದ ಮೇಲೆ ನಲ್ಲಿ ಗೊರ ಗೊರ ಅಂದು ನಿಂತಿತು.

"ಮುಗೀತು ಅಕ್ಕ" ಅಂದೆ ನೀನು.

"ಏನು ಮುಗಿಯೋದು? ಇನ್ನೂ ಐವತ್ತೊಂದು ಬರಬೇಕು" ಅಂದೆ ನಾನು.

"ತಳ ಕಾಣಿಸ್ತಿದೆ. ಬೇಕಾದ್ರೆ ನೀನೇ ತಲೆ ಹಾಕಿ ನೋಡು."

ತಲೆ ಹಾಕಿ ನೋಡಿದೆ. ತಳ ಕಾಣಿಸುತ್ತಿತ್ತು.

ಮುಂದಿನದೆಲ್ಲ ಒಂದು ಗಂಟೆಯಲ್ಲಿ ನಡೆದುಹೋಯಿತು. ಭಾನುವಾರ ಕೀಲಿಕೈ ನಿನ್ನ ಹತ್ತಿರ ಇತ್ತು. ಅದೇ ಭಾನುವಾರ ನೀನು ಮಂಚ ಸಾಗಿಸಬೇಕೆಂದು ತಳ್ಳುಗಾಡಿ ಕೇಳಿ ತೆಗೆದುಕೊಂಡು ಹೋಗಿದ್ದೆ. ಸಾಬೂನಿಗೆ ಕಾಗದ ಸುತ್ತುವ ಹೆಂಗಸರಲ್ಲಿ ಆ ದಪ್ಪ ಗಂಟಲಿನವಳು, "ಗಾಡೀಲಿ ಮಂಚ ಹೋಯ್ತೋ, ಮಂಚದ ಕೆಳಗೆ ಇನ್ನೇನು ಹೋಯ್ತೋ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. ಯಜಮಾನರು ನಿನ್ನನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿ, ಲೆಕ್ಕ ಸರಿಯಾಗಿದೆಯೇ ಎಂದು ಕೇಳಿದರು. ನೀನು ಅಂಗಲಾಚಿದ್ದು ಇವತ್ತಿಗೂ ಕಿವಿಯಲ್ಲಿದೆ. "ನೀರು ತುಂಬಿ ಇನ್ನೊಂದ್ಸಲ ಅಳೆದುಬಿಡೋಣ ಅಕ್ಕ. ಅರ್ಧ ದಿನದ ಕೆಲಸ. ಡಬ್ಬ ನಾನೇ ಹೊರ್ತೀನಿ."

ನಾನು ಏನಂದೆ? "ನನ್ನ ಕೋಲು ಸುಳ್ಳು ಹೇಳಲ್ಲ" ಅಂದೆ.

ಸಂಜೆಯೊಳಗೆ ಹಳೇ ಟ್ಯಾಂಕನ್ನು ಕತ್ತರಿಸಿ ಗುಜರಿಯವನು ಹೊತ್ತುಕೊಂಡು ಹೋದ. ನೀನು ಕೆಲಸದ ಅಂಗಿಯನ್ನು ಮೊಳೆಗೆ ನೇತುಹಾಕಿ ಹೋದವನು ಮತ್ತೆ ಬರಲಿಲ್ಲ. ಮೂರೇ ದಿನದಲ್ಲಿ ಹೆಂಡತಿಯನ್ನೂ ಆ ಎಂಟು ತಿಂಗಳ ಕೂಸನ್ನೂ ಕರೆದುಕೊಂಡು ಊರೇ ಬಿಟ್ಟೆ. ಎಂಥಾ ಚಳಿ ಆಗ. ಮಗುವಿನ ಕೆನ್ನೆಯೆಲ್ಲ ಒಡೆದು ಕೆಂಪಗಾಗಿತ್ತು. ನಾನು ಕಿಟಕಿಯಿಂದ ನೋಡಿದೆ, ಹೊರಗೆ ಬರಲಿಲ್ಲ.

ಈಗ ಬುಧವಾರದ ವಿಷಯ. ನನ್ನ ಮೊಮ್ಮಗಳನ್ನು ನೀನು ನೋಡಿಲ್ಲ. ಹದಿಮೂರು ವರ್ಷ, ಕೂತಲ್ಲಿ ಕೂರುವುದಿಲ್ಲ, ಅದಕ್ಕೇ ಮನೆಯಲ್ಲಿ ಎಲ್ಲರೂ ಗಿರಗಿಟ್ಲೆ ಅನ್ನುತ್ತೇವೆ. ಶಾಲೆಯಲ್ಲಿ ಘನಫಲದ ಪಾಠವಂತೆ. ಯಾವ ಆಕಾರದೊಳಗೆ ಎಷ್ಟು ಹಿಡಿಯುತ್ತದೆ ಎನ್ನುವುದು. ಕಾಗದದಲ್ಲಿ ಆಕಾರಗಳನ್ನು ಮಾಡಿ ತರಲು ಟೀಚರ್ ಹೇಳಿದ್ದರು. ಅಡುಗೆಮನೆಯ ನೆಲದ ಮೇಲೆ ಕತ್ತರಿ, ಅಂಟು, ಹಳೇ ಕ್ಯಾಲೆಂಡರ್ ಎಲ್ಲ ಹರಡಿಕೊಂಡು ಕೂತಿದ್ದಳು. ಪೆಟ್ಟಿಗೆ ಆಗಿತ್ತು. ಅದು ನನಗೂ ಗೊತ್ತು, ಉದ್ದ ಅಗಲ ಎತ್ತರ ಗುಣಿಸಿದರೆ ಮುಗಿಯಿತು, ಸಾಬೂನಿನ ಗಟ್ಟಿ ಕೊಯ್ಯುವವರೆಲ್ಲ ಮಾಡುವ ಲೆಕ್ಕ.

"ಅಜ್ಜಿ, ಒಂದು ಸಿಲಿಂಡರ್ ತುಂಬೋಕೆ ಎಷ್ಟು ಶಂಕು ಬೇಕು ಹೇಳು ನೋಡೋಣ" ಅಂದಳು.

"ಸಿಲಿಂಡರ್ ತುಂಬೋಕೆ ಗ್ಯಾಸಿನವನು ಬೇಕು."

"ಅಯ್ಯೋ ಅಜ್ಜಿ! ಈ ಡ್ರಮ್ಮು, ಈ ಟೋಪಿ. ಎರಡಕ್ಕೂ ಒಂದೇ ಬಾಯಿ, ಒಂದೇ ಎತ್ತರ."

"ಎರಡು. ಇದನ್ನೂ ಕೇಳ್ತಾರೇನೇ?"

"ಪಂತ?"

"ಪಂತ. ನೀನು ಸೋತ್ರೆ ಒಂದು ವಾರ ಪಾತ್ರೆ ನಿಂದು."

"ನೀನು ಸೋತ್ರೆ?"

"ನಾನ್ಯಾಕೆ ಸೋಲ್ತೀನಿ?"

ಉಪ್ಪಿನ ಡಬ್ಬ ತಂದು ಸುರಿಯುವುದಕ್ಕೆ ಶುರುಮಾಡಿದಳು. ಎರಡಕ್ಕೆ ತುಂಬಲಿಲ್ಲ, ಮೂರಕ್ಕೂ ತುಂಬಲಿಲ್ಲ, ನಾಲ್ಕೂವರೆ ಹಿಡಿಯಿತು! ಅವಳ ಮುಖ ನೋಡಬೇಕಿತ್ತು. "ಪುಸ್ತಕದಲ್ಲಿ ಹೀಗಿಲ್ಲ" ಅಂದಳು. ನಾನು ಕಾಗದದ ಟೋಪಿಯನ್ನು ಎತ್ತಿ ನೋಡಿದೆ. ಡ್ರಮ್ಮಿನ ಎತ್ತರ ನಾಲ್ಕು ಬೆರಳು ಎಂದು ಟೋಪಿಯ ಓರೆಯನ್ನೂ ನಾಲ್ಕು ಬೆರಳಿಗೇ ಕತ್ತರಿಸಿದ್ದಳು. ಓರೆ ನಾಲ್ಕಾದರೆ ನೆಟ್ಟಗಿನ ಎತ್ತರ ನಾಲ್ಕಾಗುತ್ತದೆಯೇ? "ನಿನ್ನ ಶಂಕು ಕುಳ್ಳ ಕಣೇ" ಎಂದು ಪೆನ್ಸಿಲನ್ನು ಒಳಗೆ ನಿಲ್ಲಿಸಿ ತೋರಿಸಿದೆ. ಕಾರ್ಖಾನೆಯಲ್ಲಿ ಕಾಗದದ ಲಾಳಿಕೆ ಸುತ್ತಿ ಸುತ್ತಿ ಪಳಗಿದ ಕೈ ನನ್ನದು. ಬಾಯಿಯ ನಡುವಿನಿಂದ ಅಂಚಿಗೆ ಮೂರು ಬೆರಳು, ಎತ್ತರ ನಾಲ್ಕು ಬೆರಳು ಆದರೆ ಓರೆ ಐದು ಬೆರಳು. ಬಡಗಿಗಳನ್ನು ಕೇಳು, ಮೂಲೆಮಟ್ಟ ನೋಡಲು ಇದನ್ನೇ ಹಿಡಿಯುತ್ತಾರೆ. ಐದು ಬೆರಳಿನ ಓರೆಗೆ ಒಂದು ದುಂಡನೆಯ ಕಾಗದ ಕತ್ತರಿಸಿದೆ, ಅದನ್ನು ಐದು ಪಾಲು ಮಾಡಿ ಎರಡು ಪಾಲು ತೆಗೆದುಹಾಕಿ ಮೂರು ಪಾಲನ್ನು ಸುತ್ತಿ ಅಂಟಿಸಿದೆ. ಬಾಯಿಗೆ ಬಾಯಿ ಸರಿಯಾಗಿ ಕೂತಿತು.

"ಈಗ ಸುರಿ. ಎರಡೇ" ಅಂದೆ.

ಒಂದು ಸುರಿದಳು. ಎರಡು ಸುರಿದಳು. ಡ್ರಮ್ಮಿನಲ್ಲಿ ಇನ್ನೂ ಜಾಗ ಇತ್ತು. ಮೂರನೆಯದು ಸುರಿದಳು. ಅಂಚಿಗೆ ಸಮನಾಗಿ ನಿಂತಿತು, ಒಂದು ಹರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವಳು ಅಡುಗೆಮನೆ ತುಂಬ ಕುಣಿದಳು. ನಾನು, "ಮತ್ತೆ ಸುರಿ" ಅಂದೆ. ಮತ್ತೆ ಮೂರು. "ಕುಕ್ಕಬೇಡ, ಮೆಲ್ಲಗೆ ಸುರಿ" ಅಂದೆ. ಮೂರು. ಐದು ಸಲ ಸುರಿಸಿದೆ. ಕೊನೆಗೆ ಅವಳೇ, "ಅಜ್ಜಿ, ಪಾತ್ರೆ ನಾನೇ ತೊಳೀತೀನಿ ಬಿಡು, ನಿನ್ನ ಮುಖ ಯಾಕೆ ಹೀಗಾಯ್ತು?" ಅಂದಳು.

ಹಿತ್ತಲಿಗೆ ಹೋದೆ. ಆ ಅಳತೆಗೋಲು ಈಗ ಬಟ್ಟೆ ಒಣಗಿಸುವ ಹಗ್ಗಕ್ಕೆ ಆಸರೆಯಾಗಿ ನಿಂತಿದೆ, ಗೊತ್ತೇ? ಹಗ್ಗದಿಂದ ಬಿಡಿಸಿದೆ, ಒದ್ದೆ ಬಟ್ಟೆಗಳೆಲ್ಲ ನೆಲ ಮುಟ್ಟಿದವು. ಕಚ್ಚುಗಳ ಮೇಲೆ ಬೆರಳಿಟ್ಟು ಎಣಿಸಿದೆ. ಅಡಿಗೆ ನೂರು, ಮೂರು ಅಡಿಗೆ ಮುನ್ನೂರು. ಅದರ ಮೂರರಲ್ಲೊಂದು ಪಾಲು ನೂರು. ನೂರೈವತ್ತಲ್ಲ, ನೂರು. ಆ ಐವತ್ತು ಡಬ್ಬ ಟ್ಯಾಂಕಿನಲ್ಲಿ ಯಾವತ್ತೂ ಇರಲೇ ಇಲ್ಲ. ಅದು ಇದ್ದದ್ದು ನನ್ನ ಕೋಲಿನಲ್ಲಿ ಮಾತ್ರ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಅಳು ಬರುತ್ತದೆ ಅಂದುಕೊಂಡೆ, ಆದರೆ ನಗು ಬಂತು. ನಿನಗೆ ಮಾಡಿದ ಅನ್ಯಾಯಕ್ಕೆ ನಾಚಿಕೆ ಆಮೇಲೆ ಬಂತು, ಅದು ಈಗಲೂ ಇದೆ, ಹೋಗುವುದೂ ಇಲ್ಲ. ಆದರೆ ಮೊದಲು ಬಂದದ್ದು ನಗು. ನಾನು ಎತ್ತಿ ಆಡಿಸಿದ ಕೂಸು ಕಳ್ಳನಲ್ಲ! ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಗಿರಗಿಟ್ಲೆ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ನಿನ್ನ ವಿಷಯ ಹೇಳಿದೆ. "ನಂಗೊಬ್ಬ ಅಜ್ಜ ಇದಾರೆ ಅಂತ ಇಷ್ಟು ದಿನ ಯಾಕೆ ಹೇಳಿರಲಿಲ್ಲ?" ಎಂದು ಜಗಳ ತೆಗೆದಳು.

ಯಾಕೆ ಮೂರು ಎಂದು ನನಗೂ ತಲೆ ಕೆಟ್ಟಿತ್ತು. ಅವಳೇ ಬಿಡಿಸಿ ಹೇಳಿದಳು. ಬಟ್ಟೆ ಮಡಚಿದರೆ ಒಂದು ಕಡೆ ಮಾತ್ರ ಕಿರಿದಾಗುತ್ತದೆ. ಶಂಕು ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ ಒಟ್ಟಿಗೇ ಕಿರಿದಾಗುತ್ತದೆ. ಅರ್ಧ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದರೆ ಸಿಗುವ ಬಿಲ್ಲೆಯ ಅಗಲ ಅರ್ಧ, ಆದರೆ ಬಿಲ್ಲೆ ಮಾತ್ರ ಬಾಯಿಯಷ್ಟು ದೊಡ್ಡ ಬಿಲ್ಲೆಯ ಕಾಲು ಭಾಗ. ಪಕ್ಕದಿಂದ ನೋಡಿದವರಿಗೆ ಇದು ಕಾಣುವುದಿಲ್ಲ. ನಾನು ಟ್ಯಾಂಕನ್ನೂ ಪಕ್ಕದಿಂದಲೇ ನೋಡಿದೆ, ನಿನ್ನನ್ನೂ ಪಕ್ಕದಿಂದಲೇ ನೋಡಿದೆ.

ಗುರುವಾರ ಬೆಳಿಗ್ಗೆ ಎದುರು ಬೀದಿಯ ತಗಡಿನವನ ಅಂಗಡಿಗೆ ಹೋಗಿ ಅದೇ ಅಳತೆಯ ಒಂದು ಡ್ರಮ್ಮು, ಒಂದು ಶಂಕು ಮಾಡಿಸಿದೆ. ಕಾಗದ, ಉಪ್ಪು ಎಂದರೆ ಯಜಮಾನರು ಆಟ ಎಂದಾರು, ನೀರೇ ಸುರಿಯಬೇಕು ಎಂದು ನನ್ನ ಹಟ. ತಗಡಿನವನು ಬೆಸುಗೆ ಹಾಕುತ್ತಾ, "ಮೂರು ಹಿಡಿಯತ್ತೆ ಅಮ್ಮ, ನಮ್ಮಪ್ಪನ ಕಾಲದಿಂದ ಗೊತ್ತು" ಅಂದ. ಹಾಗಾದರೆ ಇಪ್ಪತ್ತೆರಡು ವರ್ಷದ ಹಿಂದೆ ಯಾಕಪ್ಪಾ ಹೇಳಲಿಲ್ಲ ಎಂದರೆ, "ನೀವು ಕೇಳಲೇ ಇಲ್ಲವಲ್ಲ" ಅಂದ. ನಿಜ ಕಣೋ. ಬೀದಿ ದಾಟಿ ಬಂದು ಕೇಳಿದ್ದರೆ ಸಾಕಿತ್ತು. ಇಂಜಿನಿಯರ್ ಅಲ್ಲವೇ ನಾನು, ತಗಡಿನವನನ್ನು ಕೇಳುತ್ತೇನೆಯೇ!

ಶುಕ್ರವಾರ ಯಜಮಾನರ ಮನೆಗೆ ಹೋದೆ. ಎಂಬತ್ತು ದಾಟಿದೆ, ಕಿವಿ ಮಂದ, ಕಾರ್ಖಾನೆಯನ್ನು ಸೊಸೆ ನೋಡಿಕೊಳ್ಳುತ್ತಾಳೆ. ಕುರ್ಚಿಯ ಮುಂದೆ ಸ್ಟೂಲ್ ಎಳೆದು ಎರಡು ತಗಡಿನ ಪಾತ್ರೆ, ಒಂದು ಚೊಂಬು ನೀರು ಇಟ್ಟೆ.

"ಇದ್ಯಾವ ಮ್ಯಾಜಿಕ್ಕಮ್ಮ?" ಅಂದರು.

"ನೀವೇ ಸುರೀರಿ ಯಜಮಾನ್ರೇ. ನಾನು ಮುಟ್ಟಲ್ಲ."

ಅವರೇ ಸುರಿದರು. ಮೂರನೆಯದಕ್ಕೆ ಡ್ರಮ್ಮು ತುಂಬಿತು, ಅವರ ಕೈ ಅಲುಗಿ ಸ್ವಲ್ಪ ತೊಡೆಯ ಮೇಲೂ ಚೆಲ್ಲಿತು. ಸೊಸೆ ಒಳಗಿನಿಂದಲೇ, "ಮಾವ, ಈ ವಯಸ್ಸಲ್ಲಿ ನೀರಾಟಾನಾ?" ಎಂದು ಕೂಗಿದಳು. ಅವರು ಖಾಲಿ ಶಂಕುವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅರ್ಥವಾಯಿತು ಎಂದು ನನಗೆ ತಿಳಿಯಿತು. ಎಷ್ಟಾದರೂ ಸಾಬೂನು ಅಚ್ಚು ಮಾಡಿಸಿದ ಮನುಷ್ಯ.

"ಅವತ್ತು ಇದ್ದದ್ದು ನೂರು ಅಂತೀಯ."

"ನೂರೇ."

"ಅವನು ತೊಂಬತ್ತೊಂಬತ್ತು ತುಂಬಿ ಕೊಟ್ಟ."

"ಹೌದು."

"ಮತ್ತೆ ಆ ಒಂದು ಡಬ್ಬ?"

ಟ್ಯಾಂಕಿನ ಗೋಡೆಗೆ ಅಂಟಿಕೊಂಡಿರಬೇಕು ಎಂದೆ. "ಎಣ್ಣೆ ಅಲ್ವಾ, ಅಂಟತ್ತೆ" ಎಂದು ಅವರೂ ಒಪ್ಪಿದರು.

ಆಮೇಲೆ ಸೊಸೆಯ ತೋಳು ಹಿಡಿದುಕೊಂಡು ಎದ್ದರು. ಎಷ್ಟು ಬೇಡವೆಂದರೂ ಕೇಳದೆ ಅಂಗಳ ದಾಟಿ ಕಾರ್ಖಾನೆಗೇ ನಡೆದರು. ಸುತ್ತುವ ಹೆಂಗಸರನ್ನೆಲ್ಲ ಕೆಲಸ ನಿಲ್ಲಿಸಲು ಹೇಳಿ, ಅವತ್ತಿನ ಲೆಕ್ಕ ತಪ್ಪು, ಆ ಹುಡುಗ ಒಂದು ತೊಟ್ಟೂ ಮುಟ್ಟಿರಲಿಲ್ಲ, ತಾನು ವಿಚಾರಿಸದೆ ಕಳುಹಿಸಿದ್ದು ತನ್ನ ತಪ್ಪು ಎಂದು ಗಟ್ಟಿಯಾಗಿ ಹೇಳಿದರು. ಅರ್ಧಕ್ಕರ್ಧ ಹೊಸಬರು, ಅವರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಆ ದಪ್ಪ ಗಂಟಲಿನವಳು ಇನ್ನೂ ಅಲ್ಲೇ ಇದ್ದಾಳೆ. ಎಲ್ಲರಿಗಿಂತ ಮೊದಲು ಅವಳೇ, "ನಾನು ಆವತ್ತೇ ಅಂದಿದ್ದೆ, ಆ ಹುಡುಗ ಅಂಥವನಲ್ಲ ಅಂತ" ಅಂದುಬಿಟ್ಟಳು! ನನಗೆ ನಗು ತಡೆಯಲಾಗಲಿಲ್ಲ. ನೀನಿದ್ದರೆ ನೀನೂ ನಗುತ್ತಿದ್ದೆ.

ಯಜಮಾನರು ಕೈಯಾರೆ ಬರೆದ ಎರಡು ಸಾಲು ಇದರೊಳಗೆ ಇಟ್ಟಿದ್ದೇನೆ. ಅಕ್ಷರ ಸೊಟ್ಟಗಿದೆ, ಮಾತು ನೆಟ್ಟಗಿದೆ. ಜೊತೆಗೆ ಗಿರಗಿಟ್ಲೆ ಎರಡು ಕಾಗದ ಕತ್ತರಿಸಿ ಮಡಚಿ ಕೊಟ್ಟಿದ್ದಾಳೆ, ಒಂದು ಡ್ರಮ್ಮಿಗೆ, ಒಂದು ಶಂಕುವಿಗೆ. ಎಲ್ಲಿ ಅಂಟು ಹಚ್ಚಬೇಕೆಂದು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾಳೆ, ಡ್ರಮ್ಮಿನದನ್ನು ತಟ್ಟೆಯ ಮೇಲೆ ನಿಲ್ಲಿಸಿಕೋ. ನನ್ನ ಮಾತು ನಂಬಬೇಡ, ನೀನೇ ಸುರಿದು ನೋಡು. ಅವತ್ತು ಎಲ್ಲರೂ ನನ್ನ ಮಾತು ನಂಬಿದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು. ಕೋಲನ್ನು ಗರಗಸದಿಂದ ಕೊಯ್ದುಬಿಡೋಣ ಎಂದುಕೊಂಡಿದ್ದೆ, ಅವಳು ಬಿಡಲಿಲ್ಲ. ಬೆಸುಗೆಯ ಗೆರೆಯ ಕಚ್ಚಿನ ಹತ್ತಿರ ಚಾಕುವಿನಿಂದ "೧೦೦" ಎಂದು ಕೆತ್ತಿ, ಮತ್ತೆ ಹಗ್ಗಕ್ಕೆ ನಿಲ್ಲಿಸಿದ್ದಾಳೆ.

ನಿನ್ನೆ ಅವಳ ಪಾಠ ಚೆಂಡಿಗೆ ಬಂದಿದೆ. ಡ್ರಮ್ಮಿನೊಳಗೆ ತಳಕ್ಕೂ ಬಾಯಿಗೂ ಪಕ್ಕಕ್ಕೂ ತಾಗುವ ಹಾಗೆ ಚೆಂಡು ಕೂರಿಸಿದರೆ, ಮೂರರಲ್ಲಿ ಎರಡು ಪಾಲು ಜಾಗ ಅದೇ ಹಿಡಿಯುತ್ತದಂತೆ. ಎಷ್ಟಿರಬಹುದು ಹೇಳು ಅಜ್ಜಿ ಎಂದು ಕೇಳಿದಳು. ಈ ಸಲ ನಾನು ಬಾಯಿ ಬಿಡಲಿಲ್ಲ. "ಮೊದಲು ಸುರಿ, ಆಮೇಲೆ ಹೇಳ್ತೀನಿ" ಅಂದೆ.

ಕ್ಷಮಿಸು ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಬಾ ಎಂದು ಮಾತ್ರ ಕೇಳುತ್ತೇನೆ. ಬಾರದಿದ್ದರೆ ಬೈದಾದರೂ ಬರೆ. ಉದ್ದಕ್ಕೆ ಬೈ, ನಾಲ್ಕು ಹಾಳೆ ಆಗಲಿ. ಈ ಸಲ ಲಕೋಟೆ ಒಡೆದು ಬರಲಿ ಅಷ್ಟೆ.

ನಿನ್ನನ್ನು ಪಕ್ಕದಿಂದ ನೋಡಿದ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೇ. ಆ ಒಂದು ಡಬ್ಬ ಗೋಡೆಗೆ ಅಂಟಿರಲಿಲ್ಲ. ಶನಿವಾರ ಯಜಮಾನರು ಹೋದ ಮೇಲೆ, ಕೀಲಿಕೈ ನಿನಗೆ ಕೊಡುವ ಮೊದಲು, ನಾನೇ ತುಂಬಿಕೊಂಡು ಚೀಲದಲ್ಲಿ ಮನೆಗೆ ತಂದಿದ್ದೆ. ನಿನ್ನ ಮಗಳ ಮೈಗೆ ಹಚ್ಚಲು. ಒಡೆದ ಕೆನ್ನೆ ನೋಡಲಾಗುತ್ತಿರಲಿಲ್ಲ. ಯಜಮಾನರು ಕೊಟ್ಟರು ಎಂದು ಸುಳ್ಳು ಹೇಳಿ ಭಾನುವಾರ ನಾದಿನಿಗೆ ಒಂದು ಸೀಸೆ ಕೊಟ್ಟೆ. ನೀರು ತುಂಬಿ ಅಳೆಯಲು ನಾನು ಬಿಡದೇ ಇದ್ದದ್ದು ಅದಕ್ಕೇ, ಲೆಕ್ಕ ಕೆದಕುತ್ತಾ ಹೋದರೆ ನನ್ನ ಒಂದು ಡಬ್ಬವೂ ಸಿಕ್ಕಿಬೀಳುತ್ತದೆ ಎಂಬ ಹೆದರಿಕೆಗೆ. ಒಂದನ್ನು ನಾನು ತಂದಿದ್ದೆನಲ್ಲ, ಹಾಗಾಗಿ ಉಳಿದ ಐವತ್ತನ್ನು ನೀನು ತಂದಿರುತ್ತೀಯ ಎಂದು ನಂಬುವುದು ನನಗೆ ಸುಲಭವಾಯಿತು. ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕಿ, ನೇರ ಯಜಮಾನರ ಮನೆಗೆ ಹೋಗಿ ಅವರಿಗೂ ಹೇಳುತ್ತೇನೆ. ಮೊದಲು ನಿನಗೆ ತಿಳಿಯಬೇಕಿತ್ತು. ಮಗುವಿನ ಕೆನ್ನೆ ಒಂದೇ ವಾರದಲ್ಲಿ ವಾಸಿಯಾಯಿತು ಎಂದು ನಾದಿನಿ ತನ್ನ ಮೊದಲನೆಯ ಸಾಲಿನಲ್ಲೇ ಬರೆದಿದ್ದಳು.